ಸಿಂಪ್ಲೆಕ್ಟಿಕ್ ಜ್ಯಾಮಿತಿಗೆ ಮೊದಲು ಕೆಟಗರಿ ಥಿಯರಿ ಪೂರ್ತಿ ಕಲಿಯಬೇಕಾ?

ಬೇಡ. ಮೊದಲನೆಯದು ಸ್ಥಾನ-ಸಂವೇಗಗಳ ಜಾಗಗಳ ಜ್ಯಾಮಿತಿ; ಎರಡನೆಯದು ವಸ್ತುಗಳ ನಡುವಿನ ಬಾಣಗಳನ್ನೂ ಅವುಗಳ ಜೋಡಣೆಯನ್ನೂ ನೋಡುವ ಗಣಿತ. ಕಲಿಯಲೇಬೇಕು ಅಂತ ನಾನೂ ಅಂದುಕೊಂಡು ಪಿಎಚ್‌ಡಿಯ ಶುರುವಿನಲ್ಲಿ ಫಂಕ್ಟರ್ (ಜೋಡಣೆ ಕೆಡದಂತೆ ಒಂದು ಕೆಟಗರಿಯನ್ನು ಇನ್ನೊಂದಕ್ಕೆ ಒಯ್ಯುವುದು), ಅಡ್ಜಾಯಿಂಟ್ ಅಂತ ಕೂತಿದ್ದೆ. ಫೂರಿಯರ್ ಇಂಟಿಗ್ರಲ್ ಆಪರೇಟರ್‌ಗಳ ಬಗ್ಗೆ ಗಣಿತಜ್ಞ ಹಾರ್ಮಾಂಡರ್ 1971ರಲ್ಲಿ ಬರೆದ, ಜೋಡಣೆಯ ಲೆಕ್ಕ ನಿಜಕ್ಕೂ ಇರುವ ಲೇಖನ ತೆರೆದೇ ಇರಲಿಲ್ಲ. ಗಣಿತಜ್ಞ ವೈನ್‌ಸ್ಟೈನ್ ಅವರ ಕನಸು ಮಾತ್ರ ಗೊತ್ತಿತ್ತು: ಸಿಂಪ್ಲೆಕ್ಟಿಕ್ ಮ್ಯಾನಿಫೋಲ್ಡ್‌ಗಳ ನಡುವಿನ ಬಾಣಗಳೆಂದರೆ ಲಗ್ರಾಂಜಿಯನ್ ಸಂಬಂಧಗಳು (ಎರಡು ಜಾಗಗಳ ಗುಣಲಬ್ಧದೊಳಗೆ, ಸಿಂಪ್ಲೆಕ್ಟಿಕ್ ರೂಪ ಸೊನ್ನೆಯಾಗುವ ಅರ್ಧ ಆಯಾಮದ ಉಪಜಾಗಗಳು), ಕ್ವಾಂಟೈಸೇಶನ್ (ಶಾಸ್ತ್ರೀಯ ಯಂತ್ರಶಾಸ್ತ್ರದಿಂದ ಕ್ವಾಂಟಮ್ ಕಡೆಗೆ ಹೋಗುವುದು) ಅಂದರೆ ಅಲ್ಲಿಂದ ಆಪರೇಟರ್‌ಗಳ ಕಡೆಗೆ ಒಂದು ಫಂಕ್ಟರ್. ಎಷ್ಟು ಚಂದ ಅಲ್ವಾ? ಅದನ್ನು ನಂಬಿ ಉದ್ದದ ಪ್ರೂಫ್ ಬರೆದೆ. ಎರಡು ಬಾಣ ಇದ್ದ ಮೇಲೆ ಜೋಡಣೆ ಇದ್ದೇ ಇರುತ್ತದೆ ಅಂದುಕೊಂಡೆ. ಕೆಟ್ಟಿದ್ದು ಅಲ್ಲೇ.

ಸೆಮಿನಾರಿನಲ್ಲಿ ಒಬ್ಬರು ಎದ್ದು ಬೋರ್ಡಿನ ಮೇಲೆ ಎರಡು ಗೆರೆ ಎಳೆದರು. ಅಡ್ಡಕ್ಕೆ ಸ್ಥಾನ, ಉದ್ದಕ್ಕೆ ಸಂವೇಗ. ಸ್ಥಿರ ಫಂಕ್ಷನ್ 1ಕ್ಕೆ ಸಂವೇಗ ಸೊನ್ನೆ ಇರುವ ಅಡ್ಡಗೆರೆ. ಡೆಲ್ಟಾಗೆ (ಸೊನ್ನೆಯಲ್ಲೇ ಪೂರ್ತಿ ಕೂತ, ಒಟ್ಟು ಇಂಟಿಗ್ರಲ್ 1 ಇರುವ ‘ಫಂಕ್ಷನ್’) ಸ್ಥಾನ ಸೊನ್ನೆ ಇರುವ ಉದ್ದಗೆರೆ. ಎರಡೂ ಲಗ್ರಾಂಜಿಯನ್. ಒಂದನ್ನು ಇನ್ನೊಂದಕ್ಕೆ ಜೋಡಿಸಿದರೆ, ಅಂದರೆ ಗುಣಿಸಿ ಇಂಟಿಗ್ರೇಟ್ ಮಾಡಿದರೆ, ಗೆರೆಗಳು ಒಂದು ಬಿಂದುವಿನಲ್ಲಿ ಹಾಯುತ್ತವೆ, ಇಂಟಿಗ್ರಲ್ 1 ಬರುತ್ತದೆ. ಸರಿ. ಈಗ 1ನ್ನು 1ಕ್ಕೇ ಜೋಡಿಸಿ. ಗೆರೆ ಗೆರೆಯ ಮೇಲೆ ಪೂರ್ತಿ ಕೂತುಬಿಡುತ್ತದೆ, ಇಂಟಿಗ್ರಲ್ ಅನಂತ. ಡೆಲ್ಟಾಗೆ ಡೆಲ್ಟಾ ಜೋಡಿಸಿದರೆ ಅರ್ಥವೇ ಇಲ್ಲ. ಆದರೆ ಬರೀ ಸಂಬಂಧಗಳಾಗಿ ನೋಡಿ: ಮೂರಕ್ಕೂ ಉತ್ತರ ಅದೇ ಒಂದು ಬಿಂದು! ಬಾಣಗಳನ್ನಷ್ಟೇ ನೋಡುವವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ನನಗೂ ಕಂಡಿರಲಿಲ್ಲ. ಇದು ನೇರ ಗೆರೆಗಳ ಕಥೆ. ಬಾಗಿದ ಜಾಗಗಳಲ್ಲಿ ಜೋಡಿಸಿದ್ದು ನುಣುಪಾದ ಮ್ಯಾನಿಫೋಲ್ಡ್ ಆಗಿಯೇ ಉಳಿಯದೆ ಹೋಗಬಹುದು. ನನ್ನ ಪ್ರೂಫ್ ಪೂರ್ತಿ ಹೋಯಿತು.

ಪರಿಹಾರಗಳಿವೆ. ವೇರ್‌ಹೈಮ್ ಮತ್ತು ವುಡ್‌ವರ್ಡ್ ಬಾಣಗಳನ್ನು ಸಾಲಾಗಿಯೇ ಇಟ್ಟುಕೊಂಡು, ಚೆನ್ನಾಗಿ ಹಾಯುವ ಕಡೆ ಮಾತ್ರ ಒಂದಾಗಿಸುತ್ತಾರೆ. ಕಟ್ಟಾನಿಯೊ, ಡೆರಾನ್, ವೈನ್‌ಸ್ಟೈನ್ ಜರ್ಮ್‌ಗಳಿಗೆ (ಒಂದು ಉಪಜಾಗದ ತೀರಾ ಹತ್ತಿರದ್ದನ್ನಷ್ಟೇ ನೋಡುವುದು) ಇಳಿದು, ಜೋಡಣೆ ಯಾವಾಗಲೂ ಆಗುವ ಹಾಗೆ ಮಾಡಿದರು. ಕರ್ನಲ್‌ಗಳಲ್ಲಿ (ಆಪರೇಟರನ್ನು ಇಂಟಿಗ್ರಲ್ ಆಗಿ ಬರೆದಾಗ ಒಳಗೆ ಕೂರುವ ಫಂಕ್ಷನ್) ಆಸಕ್ತಿ ಇದ್ದರೆ ಎರಡನೆಯದೇ ಓದಿ. ಆದರೆ ಯಾವುದೂ ಈಗ ಬೇಡ.

ಈಗ ಒಂದು ಹಾಳೆ ತಗೊಳ್ಳಿ. ಸ್ವತಂತ್ರ ಕಣದ ಶ್ರೋಡಿಂಗರ್ ಕರ್ನಲ್ ಬರೆಯಿರಿ. ದ್ರವ್ಯರಾಶಿ, ħ ಎರಡನ್ನೂ 1 ಅಂತ ಇಟ್ಟರೆ ಅದರ ಫೇಸ್ ಅಂದರೆ ದೂರದ ವರ್ಗವನ್ನು ಕಾಲದ ಎರಡರಷ್ಟರಿಂದ ಭಾಗಿಸಿದ್ದು. ಅಂಥ ಎರಡನ್ನು ಗುಣಿಸಿ, ನಡುವಿನ ಸ್ಥಾನದ ಮೇಲೆ ಇಂಟಿಗ್ರೇಟ್ ಮಾಡಿ. ಸ್ಟೇಷನರಿ ಫೇಸ್ ಶರತ್ತು (ನಡುವಿನ ಸ್ಥಾನದ ಮೇಲೆ ಒಟ್ಟು ಫೇಸ್‌ನ ಡೆರಿವೇಟಿವ್ ಸೊನ್ನೆ) ಬರೆದರೆ, ನಡುವೆ ಎರಡೂ ಕಡೆಯ ಸಂವೇಗ ಸಮ ಇರಬೇಕು ಅಂತ ಬರುತ್ತದೆ. ಲಗ್ರಾಂಜಿಯನ್ ಸಂಬಂಧಗಳ ಜೋಡಣೆ ಕೇಳುವುದೂ ಅದನ್ನೇ. ಇದನ್ನು ಸ್ವಂತ ಕೈಯಲ್ಲಿ ಮಾಡಿ, ಆಮೇಲೆ ಕೆಟಗರಿ ಪುಸ್ತಕ ತೆರೆಯಿರಿ.