ವೈದ್ಯೆಯಾಗಬೇಕೆಂಬ ಮಗಳು ಪಿಯುಸಿಯಲ್ಲಿ ಗಣಿತ ಬಿಡಬಹುದೇ?

ಪ್ರಶ್ನೆ: ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ವಿಜ್ಞಾನದಲ್ಲಿ 92, ಗಣಿತದಲ್ಲಿ 71 ಅಂಕ ಬಂದಿವೆ. ವೈದ್ಯೆಯಾಗಬೇಕೆಂಬುದು ಅವಳ ಆಸೆ. ನೀಟ್‌ಗೆ ಗಣಿತ ಬೇಕಿಲ್ಲ, ಸುಮ್ಮನೆ ಏಕೆ ಹೊರೆ ಹೊರಿಸುತ್ತೀರಿ ಎಂದು ಅವಳ ಸೋದರಮಾವ ಹೇಳುತ್ತಾರೆ. ನಮ್ಮೂರಿನ ಕಾಲೇಜಿನಲ್ಲಿ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಮಾತ್ರ ಇದೆ. ಜಿಲ್ಲಾ ಕೇಂದ್ರದ ಕಾಲೇಜೊಂದರಲ್ಲಿ ಗಣಿತದ ಬದಲು ಮನಃಶಾಸ್ತ್ರ ತೆಗೆದುಕೊಳ್ಳಬಹುದಂತೆ. ಏನು ಮಾಡುವುದು?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಸೋದರಮಾವನವರ ಮಾತು ನಿಯಮದ ಮಟ್ಟಿಗೆ ನಿಜ. ನೀಟ್ ಪರೀಕ್ಷೆಯ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದವು ತಲಾ 45. ಗಣಿತಕ್ಕೆ ಅಲ್ಲಿ ಜಾಗವೇ ಇಲ್ಲ. ನರ್ಸಿಂಗ್, ಫಿಸಿಯೋಥೆರಪಿ, ಬಿ.ಫಾರ್ಮ ಮೊದಲಾದ ಕೋರ್ಸುಗಳಿಗೂ ಪಿಯುಸಿಯಲ್ಲಿ ಗಣಿತ ಓದದವರು ಸೇರಬಹುದು. ಆದರೆ ವಿಷಯಗಳ ಪಟ್ಟಿಯಿಂದ ಗಣಿತವನ್ನು ತೆಗೆದುಹಾಕಿದರೂ ಉಳಿದ ಮೂರು ವಿಷಯಗಳ ಪುಸ್ತಕಗಳೊಳಗೆ ಅದು ಕುಳಿತೇ ಇರುತ್ತದೆ ಎಂಬುದನ್ನು ಅವರು ಗಮನಿಸಿದಂತಿಲ್ಲ.

ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ಚಲನೆಯ ಪಾಠ ಆರಂಭದಲ್ಲೇ ಬರುತ್ತದೆ ಮತ್ತು ಒಂದು ಕ್ಷಣದಲ್ಲಿನ ವೇಗ ಎಷ್ಟೆಂಬುದನ್ನು ಅಲ್ಲಿ ಅವಕಲನದ (ಡಿಫರೆನ್ಸಿಯೇಷನ್) ಮೂಲಕವೇ ವಿವರಿಸಲಾಗುತ್ತದೆ. ಗಣಿತದ ಪುಸ್ತಕದಲ್ಲಿ ಅದೇ ಅವಕಲನದ ಅಧ್ಯಾಯವಿರುವುದು ಕೊನೆಯ ಭಾಗದಲ್ಲಿ! ಹೀಗಾಗಿ ಭೌತಶಾಸ್ತ್ರದ ಉಪನ್ಯಾಸಕರೇ ಒಂದೆರಡು ಪೀರಿಯಡ್‌ಗಳಲ್ಲಿ ಅದನ್ನು ಪರಿಚಯಿಸಿ ಮುಂದೆ ಸಾಗುತ್ತಾರೆ. ಗಣಿತ ಓದುವವರಿಗೆ ಆಗ ಅರ್ಧಂಬರ್ಧ ತಿಳಿದದ್ದು ಕೆಲವು ತಿಂಗಳ ನಂತರ ಗಣಿತದ ತರಗತಿಯಲ್ಲಿ ಗಟ್ಟಿಯಾಗುತ್ತದೆ, ಓದದವರಿಗೆ ಅದು ಕಂಠಪಾಠದ ಸೂತ್ರವಾಗಿಯೇ ಉಳಿಯುತ್ತದೆ. ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರದಲ್ಲಿ ಕ್ರಿಯಾವೇಗದ ಪಾಠಕ್ಕೆ ಅನುಕಲನವೂ (ಇಂಟಿಗ್ರೇಷನ್) ಲಾಗರಿದಮ್ಮೂ ಬೇಕು. ಜೀವಶಾಸ್ತ್ರವಾದರೂ ಹೊರತಲ್ಲ: ಜೀವಿಸಂಖ್ಯೆಯ ಬೆಳವಣಿಗೆಯನ್ನು ಆ ಪುಸ್ತಕ ಅವಕಲ ಸಮೀಕರಣದಲ್ಲಿಯೇ ಬರೆದು ತೋರಿಸುತ್ತದೆ, ಜೀವಿಸಮೂಹವೊಂದರಲ್ಲಿ ಜೀನ್‌ರೂಪಗಳ ಪ್ರಮಾಣವನ್ನು ಹೇಳುವ ಹಾರ್ಡಿ–ವೈನ್‌ಬರ್ಗ್ ತತ್ವವೋ ನಿಮ್ಮ ಮಗಳು ಪ್ರೌಢಶಾಲೆಯಲ್ಲಿ ಕಲಿತ ದ್ವಿಪದದ ವರ್ಗದ ಸೂತ್ರವೇ ಆಗಿದೆ. ನೀಟ್‌ನ 720 ಅಂಕಗಳಲ್ಲಿ ಭೌತಶಾಸ್ತ್ರದ್ದು 180. ಜೀವಶಾಸ್ತ್ರದಲ್ಲಿ ಚುರುಕಾಗಿರುವ ಅನೇಕ ಮಕ್ಕಳು ಹಿಂದೆ ಬೀಳುವುದು ಇಲ್ಲಿಯೇ ಎಂಬುದು ನಾನು ಕಂಡ ಮಾತು.

ಎರಡನೆಯದಾಗಿ, ಹದಿನಾರರ ಆಸೆ ಹದಿನೆಂಟಕ್ಕೂ ಹಾಗೆಯೇ ಇರಬೇಕೆಂದಿಲ್ಲ. ಇದ್ದರೂ ವೈದ್ಯಕೀಯ ಸೀಟು ಸಿಗದೇ ಹೋಗಬಹುದು. ಕರ್ನಾಟಕದಲ್ಲಿ ಸಿಇಟಿ ಮೂಲಕ ಎಂಜಿನಿಯರಿಂಗ್ ಸೇರಲು ಭೌತಶಾಸ್ತ್ರ ಮತ್ತು ಗಣಿತ ಎರಡೂ ಕಡ್ಡಾಯ. ಮೂರನೆಯ ವಿಷಯವಾಗಿ ರಸಾಯನಶಾಸ್ತ್ರದ ಬದಲು ಜೀವಶಾಸ್ತ್ರವೂ ನಡೆಯುತ್ತದೆ, ಗಣಿತಕ್ಕೆ ಮಾತ್ರ ಬದಲಿ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಬಿಎಸ್ ಪದವಿಯಲ್ಲಿ ಜೀವಶಾಸ್ತ್ರವನ್ನೇ ಮುಖ್ಯವಾಗಿ ಆರಿಸಿಕೊಳ್ಳಬಯಸುವವರೂ ಪಿಯುಸಿಯಲ್ಲಿ ಗಣಿತ ಓದಿರಬೇಕು. ಐಸರ್ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ) ಸಂಸ್ಥೆಗಳ ಪ್ರವೇಶ ಪರೀಕ್ಷೆಗೆ ಗಣಿತ ಓದದವರೂ ಕೂರಬಹುದು, ಆದರೆ ಅಲ್ಲಿನ 60 ಪ್ರಶ್ನೆಗಳಲ್ಲಿ 15 ಗಣಿತದವು. ಇದಕ್ಕೆ ಎದುರಾಗಿ, ಗಣಿತ ಹಿಡಿದು ಜೀವಶಾಸ್ತ್ರ ಬಿಟ್ಟವರು ಮುಂದೆ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಮುಗಿಸಿ ನೀಟ್ ಬರೆಯಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ತಿಳಿಸಿತು. ಜೀವಶಾಸ್ತ್ರವನ್ನು ತಡವಾಗಿ, ಒಬ್ಬರೇ ಕುಳಿತು ಓದಿಕೊಳ್ಳುವುದು ಸಾಧ್ಯವಿದೆ. ಮೆಟ್ಟಿಲು ಮೆಟ್ಟಿಲಾಗಿ ಏರಬೇಕಾದ ಗಣಿತವನ್ನು ಹಾಗೆ ಓದುವುದು ಬಹಳ ಕಷ್ಟ.

ಇನ್ನು ಆ 71ರ ವಿಚಾರ. ಅಂಕವನ್ನು ನೋಡಿ ಹೆದರುವ ಬದಲು ಉಳಿದ 29 ಎಲ್ಲಿ ಹೋದವೆಂದು ಅವಳೊಂದಿಗೆ ಕುಳಿತು ನೋಡಿ. ರೇಖಾಗಣಿತದ ಪ್ರಮೇಯಗಳ ಸಾಧನೆಯಲ್ಲಿ ಹೋಗಿದ್ದರೆ ಚಿಂತೆ ಬೇಡ, ಏಕೆಂದರೆ ಪಿಯುಸಿ ಗಣಿತ ಅವುಗಳ ಮೇಲೆ ಅಷ್ಟಾಗಿ ನಿಂತಿಲ್ಲ. ವರ್ಗ ಸಮೀಕರಣ ಬಿಡಿಸುವುದರಲ್ಲಿ, ತ್ರಿಕೋನಮಿತಿಯ ನಿತ್ಯಸಮೀಕರಣಗಳಲ್ಲಿ, ಚಿಹ್ನೆಗಳನ್ನು ಆಚೀಚೆ ಒಯ್ಯುವಾಗಿನ ತಪ್ಪುಗಳಲ್ಲಿ ಹೋಗಿದ್ದರೆ ಈ ರಜೆಯಲ್ಲಿಯೇ ಹತ್ತನೆಯ ತರಗತಿಯ ಆ ಅಧ್ಯಾಯಗಳನ್ನು ಯಾರ ನೆರವೂ ಇಲ್ಲದೆ ಮತ್ತೊಮ್ಮೆ ಬಿಡಿಸಲಿ. ಒಂದು ತಿಂಗಳ ನಂತರವೂ ಪ್ರತಿ ಹೆಜ್ಜೆಗೂ ಉತ್ತರಪುಟ ತೆರೆಯಬೇಕಾಗಿದ್ದರೆ, ಮತ್ತು ನರ್ಸಿಂಗ್ ಅಥವಾ ಅಂಥದೇ ಕೋರ್ಸು ಸಾಕೆಂದು ಅವಳೇ ಸ್ಪಷ್ಟವಾಗಿ ಹೇಳಿದರೆ, ಆಗ ಜಿಲ್ಲಾ ಕೇಂದ್ರದ ಕಾಲೇಜನ್ನು ಯೋಚಿಸಬಹುದು. ಇಲ್ಲವಾದರೆ ಊರಿನ ಪಿಸಿಎಂಬಿಯೇ ನನ್ನ ಸಲಹೆ. ದಿನವೂ ಬಸ್ಸಿನಲ್ಲಿ ಕಳೆಯುವ ಸಮಯವೇ ಗಣಿತಕ್ಕೆ ಒದಗೀತು.

ಕನ್ನಡ ಮಾಧ್ಯಮದ ಮಕ್ಕಳ ವಿಚಾರದಲ್ಲಿ ಇನ್ನೊಂದು ಎಚ್ಚರ. ವಿಜ್ಞಾನ ವಿಭಾಗದಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುವುದರಿಂದ ಬಹುಪದೋಕ್ತಿ ಪಾಲಿನಾಮಿಯಲ್ ಆಗಿ, ಸಮಾಂತರ ಶ್ರೇಢಿ ಅರಿತ್‌ಮೆಟಿಕ್ ಪ್ರೋಗ್ರೆಷನ್ ಆಗಿ ಎದುರಾಗುತ್ತದೆ. ಗೊತ್ತಿದ್ದ ಲೆಕ್ಕವೇ ಗೊತ್ತಿಲ್ಲದಂತೆ ಕಾಣುತ್ತದೆ. ಮೊದಲ ಕಿರುಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಾಗ ‘ನನಗೆ ಗಣಿತ ಬರುವುದಿಲ್ಲ’ ಎಂದು ಅಳುವ ಮಕ್ಕಳಲ್ಲಿ ಅನೇಕರಿಗೆ ಬಾರದಿರುವುದು ಆ ಪದಗಳು ಮಾತ್ರ. ಎಸ್ಸೆಸ್ಸೆಲ್ಸಿ ಗಣಿತದ ಇಂಗ್ಲಿಷ್ ಮಾಧ್ಯಮದ ಪುಸ್ತಕವನ್ನು ಈಗಲೇ ತಂದು ಕನ್ನಡದ ಪುಸ್ತಕದ ಪಕ್ಕದಲ್ಲಿಟ್ಟುಕೊಂಡು ಓದಲಿ. ಎರಡರಲ್ಲೂ ಇರುವುದು ಅವೇ ಲೆಕ್ಕಗಳು.

ಪ್ರಶ್ನೆ: ವಾಣಿಜ್ಯ ವಿಭಾಗಕ್ಕೆ ಸೇರುತ್ತಿದ್ದೇನೆ, ಸಿಎ ಮಾಡುವ ಗುರಿಯಿದೆ. ಬೇಸಿಕ್ ಮ್ಯಾಥ್ಸ್ ತೆಗೆದುಕೊಳ್ಳಲೇ, ಇತಿಹಾಸ ತೆಗೆದುಕೊಳ್ಳಲೇ?
– ವಿದ್ಯಾರ್ಥಿ, ತುಮಕೂರು

ಉತ್ತರ: ಸಿಎ ಕೋರ್ಸಿನ ಮೊದಲ ಹಂತವಾದ ಫೌಂಡೇಷನ್‌ಗೆ ಸೇರಲು ಗಣಿತ ಓದಿರಬೇಕೆಂಬ ನಿಯಮವಿಲ್ಲ. ಆದರೆ ಆ ಪರೀಕ್ಷೆಯ ಮೂರನೆಯ ಪತ್ರಿಕೆಯ 100 ಅಂಕಗಳಲ್ಲಿ 40 ವ್ಯವಹಾರ ಗಣಿತಕ್ಕೆ, 40 ಸಂಖ್ಯಾಶಾಸ್ತ್ರಕ್ಕೆ, 20 ತಾರ್ಕಿಕ ಪ್ರಶ್ನೆಗಳಿಗೆ ಮೀಸಲು. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಪ್ರತಿ ಪತ್ರಿಕೆಯಲ್ಲೂ ಕನಿಷ್ಠ ಶೇ 40 ಪಡೆಯಲೇಬೇಕು. ಬೇಸಿಕ್ ಮ್ಯಾಥ್ಸ್‌ನಲ್ಲಿ ಬರುವ ಅನುಪಾತ, ಮಾತೃಕೆ, ಅವಕಲನ, ಅನುಕಲನಗಳು ನೇರವಾಗಿ ಅಲ್ಲಿಗೆ ಒದಗುತ್ತವೆ. ಮುಂದೆ ಮನಸ್ಸು ಬದಲಾಗಿ ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್‌ನಂಥ ಕೋರ್ಸಿನ ಕಡೆ ನೋಡುವುದಾದರೆ ಅಲ್ಲಿ ಗಣಿತ ಕಡ್ಡಾಯ. ನಿಮ್ಮ ಬೇಸಿಕ್ ಮ್ಯಾಥ್ಸ್ ಅನ್ನು ಗಣಿತವೆಂದು ಪರಿಗಣಿಸುತ್ತಾರೆಯೇ ಎಂಬುದನ್ನು ಆ ವರ್ಷದ ಪ್ರವೇಶ ಪ್ರಕಟಣೆಯಲ್ಲಿ ಓದಿಕೊಂಡು ಮುಂದುವರಿಯಿರಿ. ಇತಿಹಾಸದ ಮೇಲೆ ನಿಜವಾದ ಪ್ರೀತಿಯಿದ್ದರೆ ಮಾತು ಬೇರೆ. ಲೆಕ್ಕ ತಪ್ಪಿಸಿಕೊಳ್ಳಲೆಂದು ಇತಿಹಾಸ ಹಿಡಿಯುವುದಾದರೆ ಎರಡೇ ವರ್ಷದಲ್ಲಿ ಆ ಮೂರನೆಯ ಪತ್ರಿಕೆ ನಿಮ್ಮೆದುರು ಬಂದು ನಿಲ್ಲುತ್ತದೆ.