ಎರಡು ವರ್ಷ ಹೋಯ್ತು ಅಂತ ಗೊತ್ತಿದ್ದೂ ಮೊದ್ಲಿಂದ ಓದು ಅಂದೆ

ಪಿಯು ರಿಸಲ್ಟ್ ಬಂದ ಮೇಲೆ ನಮ್ಮ ಆಪ್ತಸಲಹೆ ಸೆಂಟರಿಗೆ ಬರೋ ಅಪ್ಪ ಅಮ್ಮಂದಿರದ್ದು ಒಂದೇ ಪ್ರಶ್ನೆ, ಮಗಳನ್ನ ನರ್ಸಿಂಗಿಗೆ ಹಾಕ್ಬೇಕು, ಯಾವ ಕಾಲೇಜು ಒಳ್ಳೇದು ಅಂತ. ಅವರಾದ್ರೂ ಪರವಾಗಿಲ್ಲ, ಸೇರೋಕೆ ಮುಂಚೆ ಕೇಳ್ತಾರೆ. ನಂಗೆ ತಲೆ ಕೆಡೋದು ಕೋರ್ಸ್ ಮುಗಿಸಿ ಆಮೇಲೆ ಬರೋರನ್ನ ನೋಡಿದ್ರೆ, ಮತ್ತೆ ಅಂಥವರು ವರ್ಷ ವರ್ಷ ಬರ್ತಾನೇ ಇದಾರೆ. ಈ ಹುಡುಗೀದು ಅಂಥದ್ದೇ ಕೇಸು. ಹೆಸರು, ಊರು, ಸಂಸ್ಥೆ ಯಾವುದೂ ಬರೆಯಲ್ಲ, ಗುರುತು ಸಿಗೋ ವಿವರ ಬದಲಾಯಿಸಿದೀನಿ, ಅವಳನ್ನ ಕೇಳಿಯೇ ಬರೀತಿರೋದು.

ಹಳೇ ಮೈಸೂರು ಕಡೆ ಹಳ್ಳಿ, ಅಪ್ಪಂಗೆ ಸ್ವಲ್ಪ ತೆಂಗು, ಹುಡುಗಿ ಪಿಯು ಆರ್ಟ್ಸ್. ತಾಲ್ಲೂಕು ಬಸ್ ಸ್ಟ್ಯಾಂಡ್ ಪಕ್ಕದ ಬಿಲ್ಡಿಂಗಿನ ಮಹಡೀಲಿ ಒಂದು ಸಂಸ್ಥೆ, ಎರಡು ವರ್ಷದ ನರ್ಸಿಂಗ್ ಡಿಪ್ಲೊಮಾ, ಗವರ್ನಮೆಂಟ್ ರಿಜಿಸ್ಟರ್ಡ್, ನೂರಕ್ಕೆ ನೂರು ಕೆಲಸ ಅಂತ ಬೋರ್ಡು. ರಿಜಿಸ್ಟರ್ ಆಗಿದ್ದು ಆ ಸಂಸ್ಥೆ ನಡೆಸೋ ಟ್ರಸ್ಟು, ಕೋರ್ಸಲ್ಲ. ಅಪ್ಪ ಸಂಘದಲ್ಲಿ ಸಾಲ ಎತ್ತಿ ಫೀಸು ಕಟ್ಟಿದ್ರು. ಕೋರ್ಸ್ ಮುಗಿದ ತಕ್ಷಣ ಪೇಟೇಲಿ ಒಂದು ನರ್ಸಿಂಗ್ ಹೋಮಲ್ಲಿ ಕೆಲಸವೂ ಸಿಕ್ತು, ಅಲ್ಲಿಗೆ ಬೋರ್ಡಲ್ಲಿ ಬರೆದಿದ್ದು ಸುಳ್ಳಲ್ಲ ನೋಡಿ.

ನನ್ನ ಹತ್ರ ಕರ್ಕೊಂಡು ಬಂದಿದ್ದು ಅವರಮ್ಮ. ನರ್ಸಿಂಗ್ ವಿಷಯಕ್ಕಲ್ಲ, ಮಗಳು ನಿದ್ದೆ ಮಾಡಲ್ಲ, ಊಟ ಸೇರಲ್ಲ, ಬಂದ ಗಂಡನ್ನೆಲ್ಲ ಬೇಡ ಅಂತಾಳೆ, ಯಾರನ್ನಾದ್ರೂ ಇಷ್ಟಪಟ್ಟಿದಾಳಾ ಕೇಳಿ ಮೇಡಂ ಅಂತ. ಮೊದಲ ಸಲ ಮಾತಾಡಿದಾಗ ಏನೂ ಹೊರಗೆ ಬರ್ಲಿಲ್ಲ. ಆಮೇಲೆ ಒಂದಿನ ನಿದ್ದೆ ವಿಷಯ ಅಲ್ವಾ, ನೈಟ್ ಡ್ಯೂಟಿ ಹೆಂಗಿರುತ್ತೆ ಹೇಳು ಪುಟ್ಟಾ, ಸಂಜೆ ಹೋದಾಗಿಂದ ಬೆಳಗ್ಗೆ ಬರೋವರೆಗೂ ಅಂದೆ. ಹೇಳ್ತಾ ಹೋದ್ಲು, ಪಲ್ಸು ಬಿಪಿ ನೋಡೋದು, ಡ್ರಿಪ್ ಬದಲಾಯಿಸೋದು, ರಾತ್ರಿ ಆಂಟಿಬಯೋಟಿಕ್ ಹಾಕೋದು, ವೆಯ್ನ್ ಸಿಗ್ದೇ ಇರೋ ಅಜ್ಜೀರಿಗೆ ಕೈ ಬಿಸಿ ಮಾಡಿ ಕ್ಯಾನುಲಾ ಹಾಕೋದು. ಕೆಲಸ ಚೆನ್ನಾಗಿ ಗೊತ್ತು ಹುಡುಗಿಗೆ, ಹೇಳುವಾಗ ಮುಖ ಅರಳ್ತಿತ್ತು. ಇದನ್ನೆಲ್ಲ ಚಾರ್ಟಲ್ಲಿ ಬರೆದು ಸೈನ್ ಮಾಡೋ ಹೊತ್ತಿಗೆ ಬೆಳಗಾಗುತ್ತೇನೋ ಅಂತ ನಾನು ಸುಮ್ನೆ ಮಾತಿಗೆ ಅಂದೆ.

"ಸೈನ್ ನಾನು ಮಾಡಲ್ಲ ಮೇಡಂ. ಪೆನ್ಸಿಲಲ್ಲಿ ಟೈಮ್ ಬರೆದಿಡ್ತೀನಿ, ಬೆಳಗ್ಗೆ ಸಿಸ್ಟರ್ ಬಂದು ಪೆನ್ನಲ್ಲಿ ಬರೆದು ಸೈನ್ ಹಾಕ್ತಾರೆ. ಅವರಿಗೆ ಕೌನ್ಸಿಲ್ ನಂಬರ್ ಇದೆಯಲ್ಲ."

ಆಮೇಲೆ ತಾನಾಗೇ ಹೇಳಿದ್ಲು. ಒಂದು ರಾತ್ರಿ ಇಂಜೆಕ್ಷನ್ ಹಾಕಿದ ಸ್ವಲ್ಪ ಹೊತ್ತಿಗೆ ಒಬ್ರಿಗೆ ಮೈಯೆಲ್ಲ ದದ್ದು ಎದ್ದು ಉಸಿರು ಎಳೆಯೋಕೆ ಶುರುವಾಯ್ತಂತೆ, ಡಾಕ್ಟ್ರ ಮನೆ ಮೇಲ್ಗಡೇನೇ, ಓಡಿ ಬಂದ್ರು, ಪೇಶೆಂಟ್ ಬದುಕ್ಕೊಂಡ್ರು. "ಡಾಕ್ಟ್ರು ಒಳಗೆ ಅವರನ್ನ ನೋಡ್ತಿದ್ರು ಮೇಡಂ, ನಾನು ಹೊರಗೆ ಚಾರ್ಟ್ ಹಿಡ್ಕೊಂಡು ಪೆನ್ಸಿಲಲ್ಲಿ ಬರೆದಿದ್ದನ್ನ ಅಳಿಸ್ಲಾ ಬೇಡ್ವಾ ಅಂತ ನಿಂತಿದ್ದೆ. ಪೇಶೆಂಟ್ ಬಗ್ಗೆ ನಂಗೆ ಯೋಚನೇನೇ ಬರ್ಲಿಲ್ಲ."

ನಿದ್ದೆ ಎಲ್ಲಿ ಹೋಯ್ತು ಅಂತ ಗೊತ್ತಾಯ್ತಲ್ಲ. ಮಲಗೋ ಮುಂಚೆ ಫೋನ್ ನೋಡ್ಬೇಡ, ಉಸಿರಾಟದ ವ್ಯಾಯಾಮ ಮಾಡು ಅನ್ನೋದೆಲ್ಲ ಅಲ್ಲಿಗೇ ಬಿಟ್ಟೆ. ಇದು ಮನಸ್ಸಿನ ಕಾಯಿಲೆ ಅಲ್ಲ, ಅವಳ ಭಯ ಸರಿಯಾಗೇ ಇತ್ತು, ನ್ಯಾಯವಾಗಿ ಹೆದರಬೇಕಾದ ಜಾಗದಲ್ಲೇ ಹೆದರ್ತಿದ್ಲು.

ನಾನು ಹೇಳಿದ್ದು ಇಷ್ಟು. ನಮ್ಮ ರಾಜ್ಯದಲ್ಲಿ ನರ್ಸ್ ಅಂತ ದಾಖಲೆ ಇಡೋದು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್, ಅದಕ್ಕೆ 1961ರ ಕಾಯ್ದೆ ಇದೆ. ಅಲ್ಲಿ ಹೆಸರು ಸೇರೋಕೆ ದಾರಿ ಇರೋದು ಎಎನ್ಎಂ ಅನ್ನೋ ಹಳ್ಳಿ ಆರೋಗ್ಯ ಸಹಾಯಕಿ ಕೋರ್ಸು, ಜಿಎನ್ಎಂ ಅನ್ನೋ ಜನರಲ್ ನರ್ಸಿಂಗ್ ಡಿಪ್ಲೊಮಾ, ಬಿಎಸ್ಸಿ ನರ್ಸಿಂಗ್ ಇಂಥವು ಮಾತ್ರ, ನೀನು ಓದಿದ್ದಕ್ಕೆ ಇಲ್ಲ. ನಂಬರ್ ಇಲ್ದೆ ಸರ್ಕಾರಿ ಹುದ್ದೆ ಇಲ್ಲ, ಏಮ್ಸ್ ಪರೀಕ್ಷೆ ಬರೆಯೋ ಹಾಗಿಲ್ಲ, ದುಬೈ, ಜರ್ಮನಿಯಲ್ಲಿ ನರ್ಸ್ ಆಗೋ ಮಾತಂತೂ ಇಲ್ವೇ ಇಲ್ಲ. ಈ ಎರಡು ವರ್ಷ ಲೆಕ್ಕಕ್ಕೆ ಹಿಡಿದು ನೇರ ಸೆಕೆಂಡ್ ಇಯರಿಗೆ ಹಾಕ್ತೀನಿ ಅಂತ ಏಜೆಂಟ್ ಬಂದ್ರೆ ಅದೂ ಸುಳ್ಳು. ಕೆಲಸ ಬಿಟ್ಟು ಜಿಎನ್ಎಂಗೆ ಸೇರು, ಮೊದಲನೇ ವರ್ಷದಿಂದ.

ಬಿಎಸ್ಸಿ ಯಾಕೆ ಹೇಳ್ಲಿಲ್ಲ ಅಂದ್ರೆ ಅದಕ್ಕೆ ಪಿಯುಲಿ ಫಿಸಿಕ್ಸ್ ಕೆಮಿಸ್ಟ್ರಿ ಬಯಾಲಜಿ ಇಂಗ್ಲಿಷ್ ಬೇಕು, ಜನರಲ್‌ನವರಿಗೆ 45 ಪರ್ಸೆಂಟು. ಜಿಎನ್ಎಂಗೆ ಆರ್ಟ್ಸ್ ಆದ್ರೂ ನಡೆಯುತ್ತೆ, 40 ಪರ್ಸೆಂಟು, ಇಂಗ್ಲಿಷಲ್ಲೂ ಅಷ್ಟಿರಬೇಕು. ಮೂರು ವರ್ಷ ಓದಿ, ರಿಜಿಸ್ಟರ್ ಆಗಿ, ಆಮೇಲೆ ಬೇಕಿದ್ರೆ ಎರಡು ವರ್ಷ ಪೋಸ್ಟ್ ಬೇಸಿಕ್ ಬಿಎಸ್ಸಿ. ಎಎನ್ಎಂ ಎರಡೇ ವರ್ಷಕ್ಕೆ ಮುಗಿಯುತ್ತೆ, ಅದನ್ನೂ ಹೇಳಿದೆ, ಆದ್ರೆ ಅದು ಹಳ್ಳಿ ಉಪಕೇಂದ್ರ, ಲಸಿಕೆ, ಬಾಣಂತಿಯರ ಕೆಲಸ, ಇವಳಿಗೆ ವಾರ್ಡೇ ಬೇಕು.

ಅವರಪ್ಪ ನನ್ನ ಮೇಲೆ ರೇಗಾಡಿದ್ರು. "ಸಾಲ ತೀರಿಲ್ಲ ಮೇಡಂನೋರೆ, ನೀವು ಇನ್ನೂ ಮೂರು ವರ್ಷ ಅಂತೀರ, ಅಷ್ಟೊತ್ತಿಗೆ ಅವಳ ವಯಸ್ಸೆಷ್ಟು, ಮದುವೆ ಯಾವಾಗ." ನಮ್ಮ ಸೆಂಟರಿನ ಹಿರಿಯರೊಬ್ರೂ ಬೇಜಾರು ಮಾಡ್ಕೊಂಡ್ರು, ಆಪ್ತಸಲಹೆ ಅಂದ್ರೆ ಹೀಗ್ಮಾಡು ಅನ್ನೋದಲ್ಲ, ದಾರಿ ಅವರೇ ಕಂಡ್ಕೋಬೇಕು ಅಂತ. ಆ ತತ್ವ ನಂಗೂ ಗೊತ್ತು, ಮದುವೆ, ಡೈವೋರ್ಸ್ ವಿಷಯದಲ್ಲಿ ನಾನೂ ಬಾಯಿ ಬಿಡಲ್ಲ. ಆದ್ರೆ ಕಾನೂನು ಗೊತ್ತಿಲ್ದೆ ಮೋಸ ಹೋದೋಳ ಮುಂದೆ ತಟಸ್ಥವಾಗಿ ಕೂತು ನಿಂಗೇನನ್ಸುತ್ತೆ ಅಂತ ಕೇಳೋದು ನನ್ನ ಕೈಲಾಗಲ್ಲ. ಇಂಥ ಹುಡುಗೀರಿಂದಲೇ ಸಣ್ಣ ಆಸ್ಪತ್ರೆಗಳು ನಡೀತಿರೋದು ಅಂತಾರೆ, ನಿಜ, ಅದಕ್ಕೇ ಹೇಳ್ತಿರೋದು, ಏನಾದ್ರೂ ಎಡವಟ್ಟಾದ ದಿನ ಆಸ್ಪತ್ರೆಯವರು ಮೊದ್ಲು ಕೈ ತೋರಿಸೋದೂ ಇವರ ಕಡೆಗೇ.

ಅಪ್ಪನ ಜೊತೆ ಕಾಲೇಜು ಹುಡುಕೋದರ ಬಗ್ಗೆ ತುಂಬಾ ಹೊತ್ತು ಮಾತಾಡಿದ್ವಿ, ಓದೋರಿಗೆ ಉಪಯೋಗ ಆಗೋದು ಇದೇ. ಮೊದ್ಲು ಜಿಲ್ಲಾಸ್ಪತ್ರೆಗೆ ಸೇರಿದ ಸರ್ಕಾರಿ ನರ್ಸಿಂಗ್ ಸ್ಕೂಲಿಗೆ ಅರ್ಜಿ ಹಾಕಿ, ಫೀಸು ಕಮ್ಮಿ, ಅಲ್ಲಿ ಪೇಶೆಂಟ್‌ಗಳಿಗೆ ಬರ ಇಲ್ಲ. ಬಿಎಸ್ಸಿ ಮಾಡೋರು ಸಿಇಟಿ ಬರೀರಿ, ಸರ್ಕಾರಿ ಕೋಟಾ ಸೀಟು ಈಗ ಕೆಇಎ, ಅಂದ್ರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಡೆಯಿಂದ ಹಂಚಿಕೆ ಆಗುತ್ತೆ, ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿವಿ ಕೆಳಗಿದೆಯಾ ನೋಡ್ಕೊಳ್ಳಿ. ಖಾಸಗಿಗೇ ಹೋಗ್ಬೇಕು ಅಂದ್ರೆ ಕೌನ್ಸಿಲ್ ಪಟ್ಟೀಲಿ ಆ ಕಾಲೇಜು ನೀವು ಸೇರೋ ವರ್ಷಕ್ಕೆ ಇದೆಯಾ ನೋಡಿ, ಹೋದ ವರ್ಷದ ಪತ್ರ ತೋರ್ಸಿದ್ರೆ ಒಪ್ಕೋಬೇಡಿ. ಆಮೇಲೆ ಕಾಲೇಜ್ ಬಿಲ್ಡಿಂಗ್, ಲ್ಯಾಬಲ್ಲಿರೋ ಗೊಂಬೆ ನೋಡಿ ಮರುಳಾಗ್ಬೇಡಿ. ಬೆಳಗ್ಗೆ ಹತ್ತು ಗಂಟೆಗೆ ಅವರ ಆಸ್ಪತ್ರೆ ವಾರ್ಡಿಗೆ ಹೋಗಿ ನಿಂತ್ಕೊಳ್ಳಿ. ಬಿಎಸ್ಸಿ ಕಾಲೇಜಿಗೆ ಸ್ವಂತ ನೂರು ಹಾಸಿಗೆ ಆಸ್ಪತ್ರೆ ಇರ್ಬೇಕು ಅಂತ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಹೇಳಿದೆ, ಒಬ್ಬ ಸ್ಟೂಡೆಂಟಿಗೆ ಮೂರು ಪೇಶೆಂಟ್ ಇರ್ಬೇಕು ಅನ್ನೋ ಲೆಕ್ಕವೂ ಇದೆ, ಅಂದ್ರೆ ನಲವತ್ತು ಜನ ಯೂನಿಫಾರ್ಮ್ ಹಾಕ್ಕೊಂಡು ನಿಂತಿದ್ರೆ ನೂರಿಪ್ಪತ್ತು ಮಂಚದಲ್ಲಿ ಜನ ಇರ್ಬೇಕು. ಇವರಪ್ಪ ಹೋಗಿ ನೋಡಿದ ಒಂದು ಕಡೆ ಮಂಚಕ್ಕೆ ಹಾಸಿದ್ದ ಬೆಡ್‌ಶೀಟ್ ಮಡಿಕೆ ಕೂಡ ಬಿಚ್ಚಿರಲಿಲ್ವಂತೆ, ಮಲಗಿದ್ದೋರು ಇಬ್ರೇ ಇಬ್ರು. ಮತ್ತೆ ಕ್ಲಾಸಿಗೆ ಬರೋದೇ ಬೇಡ, ಪರೀಕ್ಷೆಗೆ ಬನ್ನಿ ಸಾಕು ಅನ್ನೋ ನಾನ್ ಅಟೆಂಡಿಂಗ್ ದಂಧೆ ಇದೆಯಲ್ಲ, ಅಲ್ಲಿ ಬರೀ ದುಡ್ಡು ಹೋಗಲ್ಲ, ನಾಳೆ ಯಾರದೋ ಪ್ರಾಣವೂ ಹೋಗುತ್ತೆ. ಥಿಯರಿಗೆ 80 ಪರ್ಸೆಂಟ್ ಹಾಜರಿ ಸಾಕಾದ್ರೂ ಪ್ರಾಕ್ಟಿಕಲ್ ಮಾತ್ರ ಕೋರ್ಸ್ ಮುಗಿಯೋದ್ರೊಳಗೆ ನೂರಕ್ಕೆ ನೂರು ತುಂಬಿರ್ಬೇಕು ಅಂತ ನಿಯಮ ಮಾಡಿರೋದು ಸುಮ್ನೆ ಅಲ್ಲ.

ಕೆಲಸ ಬಿಡ್ತೀನಿ ಅಂದಾಗ ಆ ಡಾಕ್ಟ್ರು ನಂಗೇ ಫೋನ್ ಮಾಡಿದ್ರು, ಚೆನ್ನಾಗಿದ್ದ ಹುಡುಗಿ ತಲೆ ಕೆಡಿಸಿದೀರ, ಸಂಬಳ ಜಾಸ್ತಿ ಮಾಡ್ತೀನಿ ಬಿಡಿ ಅಂತ. ಇಲ್ಲಿಗೆ ಬಂದೋರ ವಿಷಯ ಹೊರಗಿನೋರ ಹತ್ರ ಮಾತಾಡಲ್ಲ ಸಾರ್ ಅಂತ ಫೋನ್ ಇಟ್ಟೆ.

ಈಗ ಹುಡುಗಿ ಜಿಎನ್ಎಂ ಎರಡನೇ ವರ್ಷ. ನಿದ್ದೆ ಪೂರ್ತಿ ಸರಿ ಹೋಗಿಲ್ಲ, ಅಪ್ಪ ನನ್ನ ಜೊತೆ ಇನ್ನೂ ಸರಿಯಾಗಿ ಮಾತಾಡಲ್ಲ. ಹಳೇ ಸಂಸ್ಥೇಲಿ ಜೊತೆಗೆ ಓದಿದೋರನ್ನ ಒಬ್ಬೊಬ್ಬರನ್ನಾಗಿ ನನ್ನ ಹತ್ರ ಕಳಿಸ್ತಿದಾಳೆ. ಅವರಿಗೆಲ್ಲ ನಾನು ಮೊದ್ಲು ಕೇಳೋದು ಎಸ್ಸೆಸ್ಸೆಲ್ಸಿ, ಪಿಯು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರ ಹತ್ರ ಇದೆ ಅಂತ. ಸಂಸ್ಥೆಯವರ ಹತ್ರ ಇದ್ರೆ ಮೊದ್ಲು ಅದನ್ನ ಈಸ್ಕೊಳ್ಳಿ, ಬಾಯಲ್ಲಿ ಕೇಳ್ಬೇಡಿ, ಅರ್ಜಿ ಬರೆದು ಕೊಟ್ಟು ಇನ್ನೊಂದು ಕಾಪಿ ಮೇಲೆ ಸೀಲ್ ಹಾಕಿಸ್ಕೊಳ್ಳಿ, ಕೊಡಲ್ಲ ಅಂದ್ರೆ ಆ ಕಾಪಿ ತಗೊಂಡು ಪೊಲೀಸ್ ಸ್ಟೇಷನ್ನಿಗೆ ಹೋಗಿ. ಫೀಸು ವಾಪಸ್ ಕೇಳೋ ಜಗಳ ಆಮೇಲೆ, ಗ್ರಾಹಕರ ಆಯೋಗದಲ್ಲಿ.