ರ‍್ಯಾಂಪ್ ಇದ್ದರೂ ಗಾಲಿಕುರ್ಚಿ ಏಕೆ ಹತ್ತುವುದಿಲ್ಲ?

ಪ್ರಶ್ನೆ: ಬಾಗಲಕೋಟೆ ಜಿಲ್ಲೆಯ ನಮ್ಮ ಊರಿನ ಗ್ರಂಥಾಲಯದ ಕಟ್ಟೆ 2 ಅಡಿ ಎತ್ತರವಿದೆ. 8 ಅಡಿ ಉದ್ದದ ರ‍್ಯಾಂಪ್ ಕಟ್ಟಿಸಿದರೂ ಗಾಲಿಕುರ್ಚಿಯವರು ಹತ್ತಲಾರರು. ಏಕೆ?

ಉತ್ತರ: ನಿಮ್ಮ ರ‍್ಯಾಂಪ್ ತೀರಾ ಕಡಿದಾಗಿದೆ. 1 ಅಡಿ ಏರಲು ಕನಿಷ್ಠ 12 ಅಡಿ ಉದ್ದ ಬೇಕು. ನಿಮ್ಮ ಕಟ್ಟೆಗೆ 24 ಅಡಿ.

ಏರು ಹೆಚ್ಚಿದಷ್ಟೂ ತೂಕದ ಹೆಚ್ಚಿನ ಪಾಲು ಹಿಂದಕ್ಕೆ ಜಗ್ಗುತ್ತದೆ. ಕುರ್ಚಿಯೂ ಕುಳಿತವರೂ ಸೇರಿ 80 ಕಿಲೋ ಎಂದುಕೊಳ್ಳಿ. 12ಕ್ಕೆ 1ರ ಏರಿನಲ್ಲಿ ಸುಮಾರು 7 ಕಿಲೋ ಭಾರದಷ್ಟು ಜಗ್ಗುತ್ತದೆ. ನಿಮ್ಮ ರ‍್ಯಾಂಪಿನಲ್ಲಿ ಹೆಚ್ಚುಕಡಿಮೆ 20 ಕಿಲೋ. ಅಷ್ಟನ್ನೂ ತೋಳಿನ ಬಲದಿಂದಲೇ ಎದುರಿಸಬೇಕು, ಕೈ ಸಡಿಲಿಸಿದರೆ ಕುರ್ಚಿ ಹಿಂದಕ್ಕೆ ಉರುಳುತ್ತದೆ. ‘ಯಾರಾದರೂ ತಳ್ಳಿದರಾಯಿತು’ ಎನ್ನುವವರು ಒಮ್ಮೆ ತಾವೇ ಕುಳಿತು ನೋಡಲಿ.

ಅಂಗಳದಲ್ಲಿ 24 ಅಡಿ ಸಿಗದಿದ್ದರೆ ರ‍್ಯಾಂಪನ್ನು ಗೋಡೆಯ ಗುಂಟ ತಿರುಗಿಸಿ. ತಿರುವಿನಲ್ಲಿ ಮತ್ತು ಬಾಗಿಲ ಮುಂದೆ ಸುಮಾರು 5 ಅಡಿ ಚೌಕದ ಸಮತಟ್ಟು ಜಾಗ ಬಿಡಿ. ಎರಡೂ ಬದಿಗೆ ಹಿಡಿಗಂಬಿ ಇರಲಿ. ಇಳಕಲ್ಲಿನ ಕೆಂಪು ಕಲ್ಲು ಹತ್ತಿರದಲ್ಲೇ ಸಿಗುತ್ತದೆಂದು ಪಾಲಿಶ್ ಮಾಡಿ ಹಾಸಬೇಡಿ, ಮಳೆಗೆ ಜಾರುತ್ತದೆ. ಅದೇ ಕಲ್ಲನ್ನು ಒರಟಾಗಿ ಕೆತ್ತಿಸಿ ಹಾಸಿದರೆ ಚಕ್ರಕ್ಕೆ ಹಿಡಿತ ಸಿಗುತ್ತದೆ.